ಕಚೇರಿಯಲ್ಲಿ ವಿದ್ಯುತ್ ಕಾರುಗಳಿಗೆ ಹಂಚಿಕೆಯ ಚಾರ್ಜಿಂಗ್: ಅನುಭವ ಇರುವವರು ದಯವಿಟ್ಟು ಹೇಳಿ

ವಿದ್ಯಾನಗರದ ಕಚೇರಿ ಸಿಬ್ಬಂದಿಯ ಪ್ರಶ್ನೆ

ನಮ್ಮದು ಕಾಸರಗೋಡಿನ ವಿದ್ಯಾನಗರದಲ್ಲಿ ಬಾಡಿಗೆ ಕಟ್ಟಡದಲ್ಲಿರುವ ಖಾಸಗಿ ಕಚೇರಿ. ನಲವತ್ತರಷ್ಟು ಜನರಿದ್ದೇವೆ. ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯಿಂದ ಬರುವವರೇ ಹೆಚ್ಚು. ನಾಲ್ವರಲ್ಲಿ ವಿದ್ಯುತ್ ಕಾರು ಇದೆ, ಇನ್ನಿಬ್ಬರು ಬುಕ್ ಮಾಡಿದ್ದಾರೆ. ಸ್ಕೂಟರ್‌ಗಳು ಬೇರೆ. ಕೆಲವರು ಕಾವಲುಗಾರರ ಕೋಣೆಯ ಪ್ಲಗ್ಗಿನಿಂದ ವಯರ್ ಎಳೆದು ಚಾರ್ಜ್ ಮಾಡುತ್ತಿದ್ದರು. ಕರೆಂಟಿನ ಹಣ ಯಾರದು, ಅವರಿಗಿದ್ದ ಸೌಕರ್ಯ ನಮಗೇಕಿಲ್ಲ ಎಂದು ಉಳಿದವರು ಕೇಳತೊಡಗಿದಾಗ ಆಡಳಿತದವರು ಅದನ್ನು ನಿಲ್ಲಿಸಿದರು. ಎಲ್ಲರಿಗೂ ಒಪ್ಪಿಗೆಯಾಗುವ ಒಂದು ವ್ಯವಸ್ಥೆಯನ್ನು ನೀವೇ ಬರೆದು ತನ್ನಿ, ಆಮೇಲೆ ನೋಡೋಣ ಎಂದಿದ್ದಾರೆ. ಬರೆಯುವ ಹೊಣೆ ನನ್ನ ಮೇಲಿದೆ.

ಯಾವ ಚಾರ್ಜರ್ ಹಾಕಬೇಕು, ಎಷ್ಟು ಪಾಯಿಂಟ್ ಬೇಕು, ಹಣವನ್ನು ಯಾವ ಲೆಕ್ಕದಲ್ಲಿ ಪಡೆಯಬೇಕು, ಸರದಿಯನ್ನು ಹೇಗೆ ನಡೆಸಬೇಕು? ನೌಕರರಿಂದ ಕರೆಂಟಿಗೆ ಹಣ ಪಡೆದರೆ ಕಾನೂನಿನ ತೊಡಕಾಗುತ್ತದೆಯೇ? ಕೆಲಸ ಮಾಡುವಲ್ಲಿ ಇಂಥ ವ್ಯವಸ್ಥೆ ಈಗಾಗಲೇ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಕುಂಬಳೆ ಕಡೆಯ ಕಾಲೇಜು ಉಪನ್ಯಾಸಕಿ

ನೀವು ಮೊದಲು ಕೇಳಿದ್ದು ಯಾವ ಚಾರ್ಜರ್ ಎಂದು. ಅದನ್ನು ಸದ್ಯಕ್ಕೆ ಆಚೆಗಿಡಿ. ಕಾರಿನವರನ್ನೆಲ್ಲ ಕೂರಿಸಿಕೊಂಡು, ಒಬ್ಬೊಬ್ಬರು ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತಾರೆ, ಮನೆಯಲ್ಲಿ ಚಾರ್ಜ್ ಮಾಡಲು ಅನುಕೂಲ ಇದೆಯೇ, ಹಗಲು ನಡುವೆ ಕಾರು ಹೊರಗೆ ಹೋಗುತ್ತದೆಯೇ ಎಂಬ ಮೂರು ಸಂಗತಿಗಳನ್ನು ಬರೆದುಕೊಳ್ಳಿ. ನಮ್ಮಲ್ಲಿ ಆ ಪಟ್ಟಿ ಕೈಗೆ ಬಂದ ಮೇಲೆಯೇ ಮಾತು ಹಾದಿಗೆ ಬಂದದ್ದು.

ನಮ್ಮ ಏರಿಳಿತದ ರಸ್ತೆಗಳಲ್ಲಿ ಸಣ್ಣ ಕಾರು ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಆಸುಪಾಸು ಓಡುತ್ತದೆ. ಬದಿಯಡ್ಕದಿಂದ ನಿಮ್ಮಲ್ಲಿಗೆ ಬಂದು ಹೋಗುವವರಿಗೆ ದಿನಕ್ಕೆ ಐದಾರು ಯೂನಿಟ್ ಸಾಕು. ಸಾಧಾರಣ 15 ಆಂಪಿಯರ್ ಪಾಯಿಂಟಿನಿಂದ ಗಂಟೆಗೆ ಮೂರು ಯೂನಿಟ್ ಹೋಗುತ್ತದೆ ಎಂದು ಹಿಡಿದರೂ ಎರಡು ಗಂಟೆಯ ಕೆಲಸ. ಆದರೆ ಕಾರು ಅಲ್ಲಿ ನಿಂತಿರುವುದು ಎಂಟು ಗಂಟೆ! ಹಾಗಿರುವಾಗ ವೇಗದ ಚಾರ್ಜರಿಗೆ ದುಡ್ಡು ಸುರಿಯುವುದು ಏಕೆ?

ಆಡಳಿತದವರಿಗೆ ಒಂದೇ ಒಂದು 7.4 ಕಿಲೋವಾಟ್ ಚಾರ್ಜರನ್ನು ಗೋಡೆಗೆ ಹಾಕಿಸಿ ಕೆಲಸ ಮುಗಿಸುವ ಆಸೆ ಇರುತ್ತದೆ. ನೋಡಲು ಚೆಂದ, ಉದ್ಘಾಟನೆಯ ಫೋಟೊಗೂ ಆಗುತ್ತದೆ. ಆದರೆ ಅದಕ್ಕೆ ಗನ್ (ಕಾರಿಗೆ ಸಿಕ್ಕಿಸುವ ಹಿಡಿ) ಇರುವುದು ಒಂದು. ಮೊದಲ ಕಾರು ತುಂಬಿದ ಮೇಲೆ ಯಾರಾದರೂ ಕೆಲಸ ಬಿಟ್ಟು ಕೆಳಗಿಳಿದು ಅದನ್ನು ತೆಗೆಯಬೇಕು, ಇನ್ನೊಬ್ಬರು ತಂದು ನಿಲ್ಲಿಸಬೇಕು. ಮೊದಲಿನವರು ಮೀಟಿಂಗಿನಲ್ಲಿದ್ದರೆ ಎರಡನೆಯವರಿಗೆ ಸಿಟ್ಟು. ತರಗತಿ ನಡೆಸುತ್ತಿರುವವರಿಗೆ ಫೋನ್ ಮಾಡಿ ಕಾರು ತೆಗೆಯಿರಿ ಎನ್ನುವುದು ಸರಿಯೇ? ಕಚೇರಿಗಳಲ್ಲಿ ಚಾರ್ಜಿಂಗ್ ಜಗಳವೆಂದರೆ ಬಹುಪಾಲು ಇದೇ. ವಿದ್ಯುತ್ತಿನ ಕೊರತೆಯ ಜಗಳ ಅಪರೂಪ. ಅದೇ ಹಣದಲ್ಲಿ ನಾಲ್ಕು ನಿಧಾನದ ಪಾಯಿಂಟ್ ಹಾಕಿಸಿದರೆ ಬೆಳಿಗ್ಗೆ ಚುಚ್ಚಿದವರು ಸಂಜೆಯ ತನಕ ಕಾರನ್ನು ಮುಟ್ಟಬೇಕಾಗಿಲ್ಲ.

ಇನ್ನೊಂದು ಮಾತು. ಗೋಡೆಯ ಚಾರ್ಜರ್ ಎಷ್ಟೇ ದೊಡ್ಡದಿರಲಿ, ಕಾರು ತನ್ನೊಳಗಿನ ಚಾರ್ಜರಿಗೆ ಆಗುವಷ್ಟನ್ನೇ ತೆಗೆದುಕೊಳ್ಳುತ್ತದೆ. ಟಿಯಾಗೊ, ಕಾಮೆಟ್‌ನಂಥ ಸಣ್ಣ ಕಾರುಗಳ ಹಲವು ಮಾದರಿಗಳಲ್ಲಿ ಅದು 3.3 ಕಿಲೋವಾಟ್ ಮಾತ್ರ. ಅವನ್ನು 7.4ರ ಚಾರ್ಜರಿಗೆ ಸಿಕ್ಕಿಸಿದರೂ ವೇಗ ಹೆಚ್ಚುವುದಿಲ್ಲ. ನಿಮ್ಮ ನಾಲ್ವರ ಕಾರಿನಲ್ಲಿ ಎಷ್ಟಿದೆ ಎಂಬುದನ್ನೂ ಪಟ್ಟಿಗೆ ಸೇರಿಸಿ.

ಮಂಜೇಶ್ವರದಿಂದ, ಔಷಧ ಕಂಪನಿಯ ಮಾರಾಟ ಪ್ರತಿನಿಧಿ

ಟೀಚರ್ ಹೇಳಿದ್ದು ದಿನವಿಡೀ ಒಂದೇ ಕಡೆ ಕೂರುವವರಿಗೆ ಸರಿ. ನನ್ನಂಥವರ ಪಾಡು ಬೇರೆ. ಬೆಳಿಗ್ಗೆ ಮಂಗಳೂರಿಗೆ ಹೋಗಿ, ಮಧ್ಯಾಹ್ನ ಕಾಸರಗೋಡಿನ ಕಚೇರಿಗೆ ಬಂದು, ಪುನಃ ಕಾಞಂಗಾಡಿಗೆ ಹೋಗಬೇಕಾಗುತ್ತದೆ. ಕಾಸರಗೋಡಿನಿಂದ ಮಂಗಳೂರು ಒಂದು ದಿಕ್ಕಿಗೇ ಐವತ್ತು ಕಿಲೋಮೀಟರ್. ಕಚೇರಿಯಲ್ಲಿ ಸಿಗುವ ಒಂದೂವರೆ ಗಂಟೆಯಲ್ಲಿ ನಿಧಾನದ ಪಾಯಿಂಟಿನಿಂದ ನನಗೆ ನಾಲ್ಕು ಯೂನಿಟ್ ಬಂದರೆ ಅದು ಯಾವ ಮೂಲೆಗೂ ಸಾಲದು. ನಾಲ್ಕು ನಿಧಾನದವುಗಳ ಜೊತೆ ಒಂದು 7.4 ಇರಲಿ, ಅದು ಹೊರಗೆ ಓಡಾಡುವವರಿಗೆ ಮಾತ್ರ ಎಂಬ ನಿಯಮ ಬರೆಯಿರಿ. ಇಲ್ಲದಿದ್ದರೆ ಬೆಳಿಗ್ಗೆ ಬೇಗ ಬರುವವರೇ ಅದನ್ನು ಹಿಡಿದುಬಿಡುತ್ತಾರೆ.

ಪೆರ್ಲದ ವಯರಿಂಗ್ ಗುತ್ತಿಗೆದಾರ

ಈ ಕೆಲಸವನ್ನು ಕೆಲವು ಕಟ್ಟಡಗಳಲ್ಲಿ ಮಾಡಿದ್ದೇನೆ. ಹೇಳಲು ಬಹಳ ಇದೆ. ತಾಳ್ಮೆಯಿಂದ ಓದಿ, ಇಲ್ಲಿ ಉಳಿತಾಯ ಮಾಡಲು ಹೋದರೆ ಪ್ರಾಣಕ್ಕೆ ಬರುತ್ತದೆ.

ಮೊದಲನೆಯದಾಗಿ, ಕಾವಲುಗಾರರ ಕೋಣೆಯಿಂದ ಎಳೆದ ವಯರನ್ನು ಆಡಳಿತದವರು ನಿಲ್ಲಿಸಿದ್ದು ಒಳ್ಳೆಯದಾಯಿತು. ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಎಳೆಯುವ ವಿದ್ಯುತ್ತನ್ನು ಕಾರು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಹಳೆಯ ಪ್ಲಗ್ ಪಾಯಿಂಟಿನ ಸಡಿಲ ತಿರುಪು ಮೊದಲು ಬಿಸಿಯಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಕೊನೆಗೆ ಕರಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಾರು ಚಾರ್ಜ್ ಮಾಡುವುದನ್ನು ನಿಮ್ಮ ನಿಯಮಾವಳಿಯ ಮೊದಲ ಸಾಲಿನಲ್ಲೇ ನಿಷೇಧಿಸಿ.

ಪ್ರತಿ ಪಾಯಿಂಟಿಗೂ ಮುಖ್ಯ ಬೋರ್ಡಿನಿಂದ ಬೇರೆಯೇ ಲೈನ್ ಬರಬೇಕು. 4 ಚದರ ಮಿಲಿಮೀಟರಿನ ತಾಮ್ರದ ವಯರಿಗಿಂತ ಕಡಿಮೆ ಹಾಕಬೇಡಿ, ದೂರ ಹೆಚ್ಚಿದ್ದರೆ 6. ಪ್ರತಿ ಪಾಯಿಂಟಿಗೂ ಬೇರೆ ಎಂಸಿಬಿ (ಹೊರೆ ಮೀರಿದರೆ ಲೈನ್ ಕಡಿಯುವ ಸ್ವಿಚ್), ಬೇರೆ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ. ಎಲ್ಲದಕ್ಕೂ ಸೇರಿ ಒಂದನ್ನೇ ಹಾಕಿದರೆ ಒಂದು ಕಾರಿನ ದೋಷಕ್ಕೆ ನಾಲ್ಕೂ ಆಫ್ ಆಗುತ್ತವೆ, ಸಂಜೆ ನಾಲ್ವರೂ ಖಾಲಿ ಬ್ಯಾಟರಿಯ ಮುಂದೆ ನಿಲ್ಲುತ್ತಾರೆ. ಕಟ್ಟಡಕ್ಕೆ ತ್ರೀ ಫೇಸ್ (ಮೂರು ಲೈನಿನ ಸಂಪರ್ಕ) ಇದ್ದರೆ ಪಾಯಿಂಟುಗಳನ್ನು ಮೂರೂ ಫೇಸಿಗೆ ಹಂಚಿ ಹಾಕಿಸಿ. ಎಸಿಗಳು ಯಾವ ಫೇಸಿನಲ್ಲಿವೆ ಎಂದು ನೋಡಿಯೇ ಹಂಚಬೇಕು. ನಾಲ್ಕು ಕಾರು ಒಟ್ಟಿಗೆ ನಿಂತರೆ 13 ಕಿಲೋವಾಟ್ ಆಯಿತು. ನಿಮ್ಮ ಬಿಲ್ಲಿನಲ್ಲಿ ಬರೆದಿರುವ ಕನೆಕ್ಟೆಡ್ ಲೋಡ್ (ಸಂಪರ್ಕಕ್ಕೆ ಮಂಜೂರಾದ ಒಟ್ಟು ಹೊರೆ) ಎಷ್ಟು ಎಂದು ಈಗಲೇ ನೋಡಿಕೊಳ್ಳಿ. ಸಾಲದಿದ್ದರೆ ಕೆಎಸ್‌ಇಬಿಯ (ಕೇರಳ ವಿದ್ಯುತ್ ಮಂಡಳಿಯ) ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಇನ್ನು ಅರ್ಥಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ವಿದ್ಯಾನಗರ, ಸೀತಾಂಗೋಳಿ, ಪೆರಿಯ, ಎಲ್ಲಿ ನೋಡಿದರೂ ಮುರಕಲ್ಲಿನ ಗುಡ್ಡ. ಮಳೆಗಾಲದಲ್ಲಿ ನೆಲ ಒದ್ದೆಯಾಗಿರುವಾಗ ಅರ್ಥ್ ಚೆನ್ನಾಗಿಯೇ ಇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮುರಕಲ್ಲು ಬತ್ತಿ ಒಣಗಿದ ಮೇಲೆ ಅರ್ಥಿನ ಪ್ರತಿರೋಧ ಏರುತ್ತದೆ. ಕಾರಿನ ಜೊತೆ ಬರುವ ಚಾರ್ಜರ್ ಅದನ್ನು ಕಂಡುಹಿಡಿದು, ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಕಾರು ಹಾಳಾಯಿತು ಎಂದು ಶೋರೂಮಿಗೆ ಓಡುವವರನ್ನು ನೋಡಿದ್ದೇನೆ. ಕೆಲವರು ಅರ್ಥ್ ಮತ್ತು ನ್ಯೂಟ್ರಲ್ ಎರಡನ್ನೂ ಪ್ಲಗ್ಗಿನೊಳಗೆ ಜೋಡಿಸಿ ಚಾರ್ಜರಿಗೆ ಮೋಸ ಮಾಡುತ್ತಾರೆ. ಅದು ಕೊಲೆಗಾರ ಕೆಲಸ. ನ್ಯೂಟ್ರಲ್ ಕಡಿದು ಹೋದ ದಿನ ಕಾರಿನ ಮೈಗೇ ಕರೆಂಟ್ ಬರುತ್ತದೆ. ಯಾವ ವಯರ್‌ಮನ್ ಹಾಗೆ ಮಾಡಿಕೊಡುತ್ತೇನೆ ಎಂದರೂ ಅವರನ್ನು ಗೇಟಿನಿಂದಲೇ ಕಳುಹಿಸಿ.

ಚಾರ್ಜಿಂಗ್‌ಗೆಂದೇ ಬೇರೆ ಅರ್ಥಿಂಗ್ ಗುಂಡಿ ತೋಡಿಸಿ. ಆಳ ಸಿಗದಿದ್ದರೆ ಎರಡು ಗುಂಡಿ ತೋಡಿ ಜೋಡಿಸಿ. ಎಸಿ ನೀರು ಇಳಿಯುವ ಪೈಪಿನ ಬಳಿಯೋ ಕೈತೊಳೆಯುವ ನೀರು ಹೋಗುವಲ್ಲಿಯೋ ಜಾಗ ಸಿಕ್ಕಿದರೆ ಬೇಸಿಗೆಯಲ್ಲೂ ತೇವ ಉಳಿಯುತ್ತದೆ. ಅಳತೆಯನ್ನು ಏಪ್ರಿಲ್‌ನಲ್ಲಿ ಮಾಡಿಸಿ. ಜುಲೈಯಲ್ಲಿ ಅಳೆದು ಕೊಟ್ಟ ಕಾಗದವನ್ನು ನಂಬಬೇಡಿ.

ಸಿಡಿಲಿನ ಬಗ್ಗೆ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲೂ ಅಕ್ಟೋಬರಿನ ಸಂಜೆಗಳಲ್ಲೂ ಅದರ ಅಬ್ಬರ ಗೊತ್ತೇ ಇದೆ. ಬೋರ್ಡಿನಲ್ಲಿ ಸರ್ಜ್ (ಏಕಾಏಕಿ ಏರುವ ವೋಲ್ಟೇಜ್) ತಡೆಯುವ ಸಾಧನ ಹಾಕಿಸಿ. ಗುಡುಗು ಶುರುವಾದರೆ ಗನ್ ತೆಗೆಯಬೇಕೆಂದು ನಿಯಮ ಮಾಡಿ. ಸಂಜೆ ನಾಲ್ಕರ ಹೊತ್ತಿಗೆ ಎಲ್ಲರ ಕಾರೂ ತುಂಬಿರುವಂತೆ ನೋಡಿಕೊಂಡರೆ ಅಕ್ಟೋಬರಿನ ಸಿಡಿಲಿನಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು.

ಜನರೇಟರ್ ಇದೆಯೇ? ಇದ್ದರೆ ಚಾರ್ಜಿಂಗ್ ಲೈನ್ ಅದಕ್ಕೆ ಸೇರದಂತೆ ಪ್ರತ್ಯೇಕಿಸಿ. ಕರೆಂಟ್ ಹೋದ ತಕ್ಷಣ ನಾಲ್ಕು ಕಾರು ಜನರೇಟರಿನ ಮೇಲೆ ಬಿದ್ದರೆ ಅದು ಕೂಡಲೇ ನಿಲ್ಲುತ್ತದೆ. ಡೀಸೆಲ್ ಸುಟ್ಟು ವಿದ್ಯುತ್ ಕಾರು ತುಂಬಿಸುವುದರಲ್ಲಿ ಅರ್ಥವೂ ಇಲ್ಲ.

ಜಾಗ ಆರಿಸುವಾಗ ತಲೆಯೆತ್ತಿ ಮೇಲೆ ನೋಡಿ. ತೆಂಗಿನ ಮರದಡಿಯಲ್ಲಿ ಪಾಯಿಂಟ್ ಬೇಡ. ಸೀಮೆಂಟ್ ಹಾಕದ ಮುರಕಲ್ಲಿನ ಗೋಡೆಗೆ ಭಾರದ ಚಾರ್ಜರ್ ಬಿಗಿದರೆ ಬೋಲ್ಟ್ ಸಡಿಲವಾಗುತ್ತದೆ. ಕಾಂಕ್ರೀಟ್ ಕಂಬಕ್ಕೋ ಕಬ್ಬಿಣದ ಚೌಕಟ್ಟಿಗೋ ಬಿಗಿಯಿರಿ. ನಮ್ಮ ಮಳೆ ಅಡ್ಡ ಬೀಸುತ್ತದೆ, ಮಾಡು ಇದ್ದರೆ ಸಾಲದು, ಬದಿಗೂ ಮರೆ ಬೇಕು.

ಹೊಸಂಗಡಿಯ ಸಹಕಾರಿ ಸಂಘವೊಂದರ ಲೆಕ್ಕಿಗ

ಹಣದ ಭಾಗವನ್ನು ನಾನು ಹೇಳುತ್ತೇನೆ. ಕಾನೂನಿನ ಬಗ್ಗೆ ನಿಮ್ಮ ಆಡಳಿತದವರು ಹೆದರಬೇಕಾಗಿಲ್ಲ. ವಾಹನ ಚಾರ್ಜ್ ಮಾಡಿಕೊಡುವುದು ಸೇವೆ, ವಿದ್ಯುತ್ ಮಾರಾಟವಲ್ಲ, ಆದ್ದರಿಂದ 2003ರ ವಿದ್ಯುತ್ ಕಾಯ್ದೆಯಡಿ ಪರವಾನಗಿ ಬೇಕಾಗಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಬಹುದು ಎಂದು 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಲಾಗಿತ್ತು.

ಎರಡು ದಾರಿಗಳಿವೆ. ಈಗಿನ ಮೀಟರಿನಲ್ಲೇ ನಡೆಸಿ ಒಳಗೆ ಸಬ್‌ಮೀಟರ್ ಇಡುವುದು ಒಂದು. ಚಾರ್ಜಿಂಗ್‌ಗೆಂದೇ ಕೆಎಸ್‌ಇಬಿಯಿಂದ ಬೇರೆ ಸಂಪರ್ಕ ಪಡೆಯುವುದು ಇನ್ನೊಂದು. ಬೇರೆ ಸಂಪರ್ಕಕ್ಕೆ ಚಾರ್ಜಿಂಗ್ ಕೇಂದ್ರಗಳ ದರ ಬರುತ್ತದೆ. ಕೇರಳದಲ್ಲಿ ಈ ದರ ಬೆಳಿಗ್ಗೆ 9ರಿಂದ ಸಂಜೆ 4ರ ತನಕ ಕಡಿಮೆ, ಆಮೇಲೆ ಹೆಚ್ಚು. ಕೇಂದ್ರದ 2024ರ ಮಾರ್ಗಸೂಚಿಯಲ್ಲೂ ಇದೇ ಲೆಕ್ಕ ಇದೆ: ಬಿಸಿಲಿನ ಆ ಏಳು ಗಂಟೆಗಳಲ್ಲಿ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು. ಹಗಲು ಸೌರ ವಿದ್ಯುತ್ ಹೇರಳವಾಗಿ ಸಿಗುತ್ತದೆ, ಸಂಜೆಯಾದರೆ ಎಲ್ಲರ ಮನೆಯಲ್ಲೂ ದೀಪ, ಎಸಿ ಉರಿಯುತ್ತವೆ. 2024ರ ಬೇಸಿಗೆಯಲ್ಲಿ ಕೇರಳದ ಸಂಜೆಯ ಬೇಡಿಕೆ 5,700 ಮೆಗಾವಾಟ್ ದಾಟಿ, ರಾತ್ರಿ ಕಾರು ಚಾರ್ಜ್ ಮಾಡುವುದನ್ನು ತಪ್ಪಿಸಿ ಎಂದು ಕೆಎಸ್‌ಇಬಿ ಕೇಳಿಕೊಂಡದ್ದು ನೆನಪಿರಬಹುದು. ಪೈವಳಿಕೆ, ಅಂಬಲತ್ತರಗಳ ಸೌರ ಪಾರ್ಕುಗಳು ವಿದ್ಯುತ್ ಕೊಡುವ ಹೊತ್ತು ಯಾವುದೋ, ನೌಕರರ ಕಾರು ಕಚೇರಿಯ ಅಂಗಳದಲ್ಲಿ ನಿಂತಿರುವ ಹೊತ್ತೂ ಅದೇ. ನಿಮ್ಮ ಟಿಪ್ಪಣಿಯಲ್ಲಿ ಈ ಅಂಶಕ್ಕೆ ಒಂದು ಪ್ಯಾರಾ ಕೊಡಿ. ಕಾರಿನವರಿಗೆ ಉಪಕಾರ ಮಾಡುವುದಷ್ಟೇ ಅಲ್ಲ, ಇದರಲ್ಲಿ ಊರಿಗೂ ಹಿತ ಇದೆ ಎಂದು ಆಡಳಿತದವರಿಗೆ ಮನವರಿಕೆಯಾಗಲಿ.

ಯೂನಿಟ್ ಲೆಕ್ಕದಲ್ಲಿಯೇ ಹಣ ಪಡೆಯಿರಿ. ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿದರೆ, ದೂರದಿಂದ ಬರುವವರ ಕರೆಂಟಿಗೆ ಹತ್ತಿರದವರು ಹಣ ಕೊಟ್ಟಂತಾಗುತ್ತದೆ. ಪ್ರತಿ ಪಾಯಿಂಟಿಗೂ ಒಂದು ಸಣ್ಣ ಮೀಟರ್ ಸಾಕು. ಆಪ್, ಕಾರ್ಡ್ ಇರುವ ಚಾರ್ಜರುಗಳು ಸಿಗುತ್ತವೆ. ಆರು ಕಾರಿಗೆ ಅದರ ವರ್ಷದ ಶುಲ್ಕ ಹೊರೆಯಾಗುತ್ತದೆ. ದರ ನಿಗದಿ ಮಾಡುವಾಗ ಬಿಲ್ಲಿನ ಯೂನಿಟ್ ದರದ ಮೇಲೆ ಸ್ವಲ್ಪ ಸೇರಿಸಿ, ಆ ಹೆಚ್ಚುವರಿಯನ್ನು ದುರಸ್ತಿಗೆಂದು ಬೇರೆ ಇಡಿ. ದುಡಿಮೆಯ ದುಡ್ಡು ಕೊಡುವವರಿಗೆ ಲೆಕ್ಕ ಕಾಣಬೇಕು. ತಿಂಗಳ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ, ಕಾರು ಇಲ್ಲದವರೂ ಓದಲಿ.

ಮುಳ್ಳೇರಿಯದ ಶಾಲಾ ಶಿಕ್ಷಕಿ

ಎಲ್ಲರೂ ಕಾರಿನ ಮಾತನ್ನೇ ಆಡುತ್ತಿದ್ದೀರಿ. ನಮ್ಮಲ್ಲಿ ಸ್ಕೂಟರ್‌ಗಳೇ ಜಾಸ್ತಿ, ನಿಮ್ಮಲ್ಲೂ ಇವೆ ಎಂದು ಬರೆದಿದ್ದೀರಿ. ಸ್ಕೂಟರಿಗೆ ಬೇಕಾಗುವುದು ಸಾಮಾನ್ಯವಾಗಿ ಒಂದು ಕಿಲೋವಾಟಿಗಿಂತ ಕಡಿಮೆ. ಒಂದು ಕಾರಿನ ಪಾಯಿಂಟಿನ ಹೊರೆಯಲ್ಲಿ ಮೂರು ಸ್ಕೂಟರ್ ಆಗುತ್ತವೆ. ಆಟೋ, ಸ್ಕೂಟರ್‌ಗಳಿಗೆಂದು ಕೆಎಸ್‌ಇಬಿ ವಿದ್ಯುತ್ ಕಂಬಗಳಲ್ಲೇ ಪಾಯಿಂಟ್ ಇಟ್ಟಿರುವಾಗ ಕಚೇರಿಯವರು ಅವುಗಳನ್ನು ಮರೆಯುವುದು ನ್ಯಾಯವಲ್ಲ. ಕಚೇರಿ ಸಹಾಯಕರು, ಗುಮಾಸ್ತರು, ಶುಚಿ ಮಾಡಲು ಬರುವ ಅಕ್ಕಂದಿರು ಬರುವುದು ಸ್ಕೂಟರಿನಲ್ಲಿ ಅಥವಾ ಬಸ್ಸಿನಲ್ಲಿ. ಕಾರಿಗೆ ಮಾತ್ರ ಮಾಡಿದರೆ ದೊಡ್ಡ ಸಂಬಳದವರಿಗೆ ಮಾಡಿದ ಸೌಲಭ್ಯ ಎಂಬ ಮಾತು ಬಂದೇ ಬರುತ್ತದೆ, ಮತ್ತು ಆ ಮಾತು ಸುಳ್ಳಲ್ಲ.

ಚಾರ್ಜಿಂಗ್ ಜಾಗ ಎಂದು ನೆರಳಿನ ಜಾಗವನ್ನೆಲ್ಲ ಕೊಟ್ಟುಬಿಡಬೇಡಿ. ಪೆಟ್ರೋಲ್ ಕಾರಿನವರು ಬಿಸಿಲಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ವಿರೋಧ ಅಲ್ಲಿಂದಲೇ ಶುರು. ಗೇಟಿನಿಂದ ದೂರದ ಮೂಲೆಯಾದರೂ ಚಿಂತೆಯಿಲ್ಲ, ವಯರ್ ಉದ್ದವಾದೀತು ಅಷ್ಟೆ. ನಿಯಮದ ಫಲಕ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಕಾವಲುಗಾರರಿಗೂ ಅದನ್ನು ಓದಿ ವಿವರಿಸಿ, ಯಾವ ಸ್ವಿಚ್ ಆಫ್ ಮಾಡಬೇಕು ಎಂದು ಕೈಯಿಂದ ಮಾಡಿಸಿ ತೋರಿಸಿ. ತೊಂದರೆಯಾದಾಗ ಮೊದಲು ಓಡಿ ಬರುವವರು ಅವರೇ.

ವಿದ್ಯಾನಗರದ ಕಚೇರಿ ಸಿಬ್ಬಂದಿ

ಎಲ್ಲರಿಗೂ ಬಹಳ ಧನ್ಯವಾದ. ಕುಂಬಳೆಯ ಟೀಚರ್ ಹೇಳಿದ ಪಟ್ಟಿ ಮಾಡಿದೆ. ನಾಲ್ವರಲ್ಲಿ ಮೂವರಿಗೆ ಮನೆಯಲ್ಲಿ ಚಾರ್ಜಿಂಗ್ ಇದೆ. ಒಬ್ಬರು ಮಾತ್ರ ಬಾಡಿಗೆ ಫ್ಲಾಟಿನಲ್ಲಿದ್ದಾರೆ, ಅವರಿಗೆ ಕಚೇರಿಯೇ ಗತಿ. ಎಲ್ಲರ ಅಗತ್ಯ ಸೇರಿದರೂ ದಿನಕ್ಕೆ ಇಪ್ಪತ್ತೈದು ಯೂನಿಟ್ ದಾಟುವುದಿಲ್ಲ. ನಾನು ಊಹಿಸಿದ್ದಕ್ಕಿಂತ ತೀರಾ ಕಡಿಮೆ.

ಈಗ ಹೊಸ ತೊಡಕು ಬಂದಿದೆ. ಕಟ್ಟಡದ ಯಜಮಾನರು ಬೆಂಕಿಯ ಭಯದಿಂದ ಒಪ್ಪುತ್ತಿಲ್ಲ. ಮೊಬೈಲಿನಲ್ಲಿ ಬಂದ ಸ್ಕೂಟರ್ ಉರಿಯುವ ವಿಡಿಯೊ ತೋರಿಸುತ್ತಾರೆ. ಅಲ್ಲದೆ ನಾವು ಹಾಕಿಸಿದ ವಯರಿಂಗ್ ನಾಳೆ ಕಟ್ಟಡ ಬಿಟ್ಟರೆ ಯಾರದು ಎಂಬ ಪ್ರಶ್ನೆಯೂ ಇದೆ.

ಪೆರ್ಲದ ವಯರಿಂಗ್ ಗುತ್ತಿಗೆದಾರ

ಯಜಮಾನರ ಭಯವನ್ನು ತಳ್ಳಿಹಾಕಬೇಡಿ ಅಣ್ಣ, ಎದುರು ಕೂತು ಮಾತಾಡಿ. ಕಚೇರಿಯಲ್ಲಿ ಮಾಡುವುದು ನಿಧಾನದ ಚಾರ್ಜ್, ಬ್ಯಾಟರಿಯ ಮೇಲೆ ಒತ್ತಡ ಕಡಿಮೆ. ನಾನು ಕಂಡ ತೊಂದರೆಗಳೆಲ್ಲ ಸಡಿಲ ಪ್ಲಗ್, ಸಪೂರ ವಯರ್, ಕೆಟ್ಟ ಅರ್ಥಿಂಗ್ ಇವುಗಳಿಂದ ಬಂದವು. ಕದ್ದುಮುಚ್ಚಿ ಎಳೆದ ವಯರಿಗಿಂತ ಸರಿಯಾಗಿ ಹಾಕಿಸಿದ ಪಾಯಿಂಟ್ ಅವರ ಕಟ್ಟಡಕ್ಕೇ ಕ್ಷೇಮ ಎಂದು ಹೇಳಿ. ಆದರೂ ಪಾಯಿಂಟುಗಳನ್ನು ನೆಲಮಾಳಿಗೆಯಲ್ಲಿ ಇಡಬೇಡಿ, ಹೊರಗಿನ ತೆರೆದ ಜಾಗದಲ್ಲಿ, ಮೆಟ್ಟಿಲ ದಾರಿಯಿಂದ ದೂರ ಇಡಿ. ಎಲ್ಲ ಪಾಯಿಂಟುಗಳನ್ನೂ ಒಂದೇ ಏಟಿಗೆ ನಿಲ್ಲಿಸುವ ಸ್ವಿಚ್ ಗೇಟಿನ ಬಳಿ ಇರಲಿ. ಬೋರ್ಡಿನ ಹತ್ತಿರ ವಿದ್ಯುತ್ ಬೆಂಕಿಗೆ ಹೊಂದುವ ನಂದಕ ಇರಲಿ. ಕಳಚಿಡುವ ಸ್ಕೂಟರ್ ಬ್ಯಾಟರಿಯನ್ನು ಒಳಗೆ ತಂದು ಮೇಜಿನ ಕೆಳಗೆ ಚಾರ್ಜ್ ಮಾಡಲು ಯಾರನ್ನೂ ಖಂಡಿತ ಬಿಡಬೇಡಿ. ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ, ಪರೀಕ್ಷೆಯ ಕಾಗದದ ಒಂದು ಪ್ರತಿ ಯಜಮಾನರ ಕೈಗೂ ಕೊಡಿ.

ಹೊಸಂಗಡಿಯ ಲೆಕ್ಕಿಗ

ಬಾಡಿಗೆ ಕರಾರಿಗೆ ಒಂದು ಪುಟ ಸೇರಿಸಿ. ಚಾರ್ಜರ್, ಮೀಟರ್, ಬೋರ್ಡ್ ನಿಮ್ಮವು, ಬಿಟ್ಟು ಹೋಗುವಾಗ ಕೊಂಡೊಯ್ಯಬಹುದು. ನೆಲದಡಿಯ ವಯರ್, ಅರ್ಥಿಂಗ್ ಗುಂಡಿ ಕಟ್ಟಡಕ್ಕೆ ಉಳಿಯುತ್ತವೆ ಎಂದು ಬರೆದರೆ ಯಜಮಾನರಿಗೂ ಲಾಭ ಕಾಣುತ್ತದೆ. ಕಟ್ಟಡದ ವಿಮೆ ಇದ್ದರೆ ವಿಮೆಯವರಿಗೆ ಪತ್ರ ಬರೆದು ತಿಳಿಸಿ, ಅವರ ಉತ್ತರವನ್ನು ಫೈಲಿನಲ್ಲಿಡಿ. ಬೇರೆ ಸಂಪರ್ಕ ಯಾರ ಹೆಸರಿನಲ್ಲಿ ಎಂಬುದನ್ನೂ ಆಗಲೇ ತೀರ್ಮಾನಿಸಿ.

ಮಂಜೇಶ್ವರದ ಮಾರಾಟ ಪ್ರತಿನಿಧಿ

ದಿನಕ್ಕೆ ಇಪ್ಪತ್ತೈದೇ ಯೂನಿಟ್ ಎಂದಾದರೆ, ನಿಮ್ಮಲ್ಲಿ ಹಗಲು ಹೊರಗೆ ಓಡಾಡುವವರು ಇಲ್ಲವೆಂದಾದರೆ, ನಾನು ಹೇಳಿದ 7.4 ನಿಮಗೆ ಬೇಡ. ಟೀಚರ್ ಮಾತೇ ಸರಿ. ಮುಂದೆ ಬೇಕಾದರೆ ಎಂದು ಒಂದು ಜಾಗಕ್ಕೆ ದಪ್ಪ ಕೇಬಲ್ ಹೋಗುವಷ್ಟು ಪೈಪನ್ನು ಈಗಲೇ ಹೂಳಿಸಿಡಿ. ನೆಲ ಎರಡು ಸಲ ಅಗೆಯುವ ಖರ್ಚು ಉಳಿಯುತ್ತದೆ.

ವಿದ್ಯಾನಗರದ ಕಚೇರಿ ಸಿಬ್ಬಂದಿ

ಈ ವಾರದ ಸಭೆಗೆ ಹೀಗೆ ಬರೆದಿದ್ದೇನೆ: ಕಾರಿಗೆ ಮೂರು ನಿಧಾನದ ಪಾಯಿಂಟ್, ಫೇಸಿಗೆ ಒಂದರಂತೆ. ಸ್ಕೂಟರಿಗೆ ಪ್ರತ್ಯೇಕ ಮೂರು. ಹೊರಗಿನ ಪಶ್ಚಿಮದ ಮೂಲೆ, ಮಾಡು ಮತ್ತು ಬದಿಯ ಮರೆ ಸಹಿತ. ಪ್ರತಿ ಪಾಯಿಂಟಿಗೂ ಮೀಟರ್. ಚಾರ್ಜಿಂಗ್ ಹೊತ್ತು 9ರಿಂದ 4. ಮನೆಯಲ್ಲಿ ಅನುಕೂಲ ಇಲ್ಲದವರಿಗೆ ಮೊದಲ ಆದ್ಯತೆ, ಉಳಿದವರಿಗೆ ವಾರದ ಸರದಿ. ಆರು ತಿಂಗಳ ಬಳಿಕ ಪುನಃ ಕೂತು ನೋಡುವುದು. ಸರದಿ ಪುಸ್ತಕ ಹೇಗಿರಬೇಕು ಎಂದು ಟೀಚರ್ ಹೇಳಿದರೆ ಅದನ್ನೂ ಸೇರಿಸುತ್ತೇನೆ.

ಕುಂಬಳೆ ಕಡೆಯ ಉಪನ್ಯಾಸಕಿ

ಮನೆಯಲ್ಲಿ ಅನುಕೂಲ ಇಲ್ಲದವರಿಗೆ ಆದ್ಯತೆ ಎಂದು ಬರೆದದ್ದು ಮನಸ್ಸಿಗೆ ಹಿಡಿಸಿತು. ನಮ್ಮ ಪುಸ್ತಕದಲ್ಲಿ ಇರುವುದು ಇಷ್ಟೇ ಅಂಕಣಗಳು: ದಿನಾಂಕ, ಪಾಯಿಂಟ್ ಸಂಖ್ಯೆ, ವಾಹನದ ನಂಬರ್, ಸಿಕ್ಕಿಸುವಾಗಿನ ರೀಡಿಂಗ್, ತೆಗೆಯುವಾಗಿನ ರೀಡಿಂಗ್, ಸಹಿ. ಫೋನ್ ನಂಬರನ್ನು ಪುಸ್ತಕದಲ್ಲಿ ಬರೆಸಬೇಡಿ, ಯಾರು ಬೇಕಾದರೂ ನೋಡುವ ಪುಸ್ತಕ ಅದು. ಕಾವಲುಗಾರರ ಬಳಿ ಬೇರೆ ಪಟ್ಟಿ ಇರಲಿ. ಸರದಿ ಇರುವ ದಿನ ರಜೆ ಹಾಕಿದವರು ಹಿಂದಿನ ಸಂಜೆಯೇ ಹೇಳಬೇಕು, ಹೇಳದಿದ್ದರೆ ಬೆಳಿಗ್ಗೆ ಹತ್ತರ ಬಳಿಕ ಆ ಪಾಯಿಂಟ್ ಬೇಕಾದವರಿಗೆ. ಇನ್ನೊಬ್ಬರ ಗನ್ನನ್ನು ಅವರಿಗೆ ತಿಳಿಸದೆ ಯಾರೂ ತೆಗೆಯಬಾರದು. ಮೀಟರ್ ರೀಡಿಂಗ್ ಬರೆಯಲು ಪೆನ್ನನ್ನು ದಾರ ಕಟ್ಟಿ ಪುಸ್ತಕಕ್ಕೇ ಬಿಗಿಯಿರಿ.